ಮದುವೆ ಕ್ಯಾಸೆಟ್ಟಿನ ಬಾಲದಲ್ಲಿ 11 ನಿಮಿಷ

ಹೋದ ತಿಂಗಳು ಒಬ್ಬ ಹುಡುಗ ಅಂಗಡಿಗೆ ಬಂದ, ಕೈಯಲ್ಲಿ ಯಾವ್ದೋ ಸೀರೆ ಅಂಗಡಿ ಕವರು, ಅದರೊಳಗೆ ನ್ಯೂಸ್‌ಪೇಪರ್ ಸುತ್ತಿದ ಒಂದು ವಿಎಚ್‌ಎಸ್ ಕ್ಯಾಸೆಟ್ಟು. "ಅಣ್ಣ, ಅಪ್ಪ ಅಮ್ಮನ ಮದ್ವೆ, ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀರಾ" ಅಂದ. ಕ್ಯಾತ್ಸಂದ್ರದವನು. ನಂದು ತುಮಕೂರಲ್ಲಿ ಒಂದು ಪುಟ್ಟ ಸ್ಟುಡಿಯೋ, ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಷನ್, ಸತ್ತವರ ಫೋಟೋಗೆ ಫ್ರೇಮು, ಮತ್ತೆ ಈ ಕ್ಯಾಸೆಟ್ ಕನ್ವರ್ಷನ್ನು. ಕನ್ವರ್ಷನ್ ಮಾಡೋರು ಊರಲ್ಲಿ ಕಮ್ಮಿ ಆಗ್ಬಿಟ್ಟಿದ್ದಾರೆ, ಯಾಕಂದ್ರೆ ಕ್ಯಾಸೆಟ್ ಓಡಿಸೋ ವಿಸಿಆರ್ ಸಿಗಲ್ಲ, ಜಪಾನಿನ ಫುನಾಯ್ ಅನ್ನೋ ಕಂಪನಿ ಒಂದೇ ಕೊನೇವರೆಗೂ ಮಾಡ್ತಿದ್ದಿದ್ದು, ಅದೂ 2016ರ ಜುಲೈನಲ್ಲಿ ನಿಲ್ಲಿಸ್ತು. ನನ್ನತ್ರ ಎರಡಿದೆ, ಒಂದು ಓಡುತ್ತೆ, ಇನ್ನೊಂದು ಅದಕ್ಕೆ ಸ್ಪೇರ್ ಪಾರ್ಟ್ ದಾನ ಮಾಡ್ಕೊಂಡು ಬದುಕಿದೆ.

ಕ್ಯಾಸೆಟ್ಟಿನ ಮುಚ್ಚಳ ಎತ್ತಿ ನೋಡಿದ್ರೆ ರೀಲಿನ ಅಂಚಲ್ಲಿ ಬೆಳ್ಳಗೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಫಂಗಸ್. ಹಂಗೇ ತೂರಿಸಿದ್ರೆ ವಿಸಿಆರ್ ಹೆಡ್ಡಿಗೆ ಅಂಟ್ಕೊಂಡು ಚಿತ್ರ ಪೂರ್ತಿ ಹಿಮ ಸುರಿದಂಗೆ ಆಗುತ್ತೆ, ಆಮೇಲೆ ಹೆಡ್ ಕ್ಲೀನ್ ಮಾಡ್ಕೊಂಡು ಕೂತ್ಕೋಬೇಕು. ಅದಕ್ಕೇ ಮೊದ್ಲು ಸ್ಕ್ರೂ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆತ್ತನೆ ಬಟ್ಟೇಲಿ ರೀಲನ್ನ ಕೈಯಲ್ಲೇ ಸುತ್ತುತ್ತಾ ಒರೆಸ್ಬೇಕು, ಬೀಡಿ ಸುತ್ತೋ ಅಷ್ಟು ತಾಳ್ಮೆ ಬೇಕು. ಅದಾದ್ಮೇಲೂ ಇದು ಕಂಪ್ಯೂಟರಲ್ಲಿ ಫೈಲ್ ಕಾಪಿ ಮಾಡ್ದಂಗಲ್ಲ, ಮೂರು ಗಂಟೆ ಕ್ಯಾಸೆಟ್ ಅಂದ್ರೆ ಮೂರು ಗಂಟೆ ಓಡ್ಲೇಬೇಕು, ಅಂದ್ರೆ ನಾನು ಮೂರು ಗಂಟೆ ಆ ಮದುವೇಲಿ ಕೂತಿರ್ಲೇಬೇಕು. ಹಿಂಗೆ ನಾನು ತುಮಕೂರು ಜಿಲ್ಲೆ ಮದುವೆಗಳನ್ನ ಊಟ ಇಲ್ದೆ ಎಷ್ಟು ಅಟೆಂಡ್ ಮಾಡಿದೀನೋ ಲೆಕ್ಕ ಇಲ್ಲ. ಎಲ್ಲದ್ರಲ್ಲೂ ಅದೇ, ಧಾರೆ ಟೈಮಿಗೆ ಹೃದಯದ ಆಕಾರದಲ್ಲಿ ಗಂಡು ಹೆಣ್ಣು ಸುತ್ತೋದು, ಊಟದ ಹಾಲಲ್ಲಿ ಲೈಟು ಮುಖಕ್ಕೆ ಬಿದ್ದ ತಕ್ಷಣ ಬಾಯಲ್ಲಿರೋ ಪೂರಿ ಅಗಿಯೋದೇ ನಿಲ್ಲಿಸಿ ಕ್ಯಾಮೆರಾ ಕಡೆ ದಿಟ್ಟಿಸೋ ಚಿಕ್ಕಪ್ಪಂದಿರು.

ಈ ಮದುವೆ 2 ಗಂಟೆ 49 ನಿಮಿಷಕ್ಕೆ ಮುಗೀತು. ನೀಲಿ ಪರದೆ ಬಂತು, ಸ್ವಲ್ಪ ಹೊತ್ತು ಚುಕ್ಕಿ ಚುಕ್ಕಿ, ನಾನು ಸ್ಟಾಪ್ ಒತ್ತಕ್ಕೆ ಕೈ ಚಾಚಿದೆ, ಅಷ್ಟ್ರಲ್ಲಿ ಟಕ್ ಅಂತ ಪಾಂಡು ಬಂದ. ಪಾಪ ಪಾಂಡು! ಮದುವೆ ಆದ್ಮೇಲೆ ಉಳಿದ ಖಾಲಿ ಟೇಪಿಗೆ ಆ ಮನೆಯವರು ಯಾರೋ ಈಟಿವಿಲಿ ಬರ್ತಿದ್ದ ಸೀರಿಯಲ್ ರೆಕಾರ್ಡ್ ಮಾಡ್ಕೊಂಡಿದ್ದಾರೆ. ಚಿದಾನಂದ ಪಾಂಡು ಆಗಿ ಅದೇ ಪಾಪದ ಮುಖ ಹಾಕ್ಕೊಂಡು ಹೆಂಡ್ತಿ ಮುಂದೆ ಏನೋ ಸುಳ್ಳು ಕಟ್ತಾ ಇದ್ದಾರೆ, ಶಾಲಿನಿ ಶ್ರೀಮತಿ ಆಗಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ದಾರೆ, ಮಧ್ಯೆ ಒಂದು ಜಾಹೀರಾತು, ಮತ್ತೆ ಪಾಂಡು, ಇನ್ನೇನು ಸುಳ್ಳು ಬಯಲಾಗಬೇಕು ಅನ್ನೋವಾಗ ಕಟ ಕಟ ಕಟಕ್, ಟೇಪ್ ಮುಗೀತು, ತನ್ನಷ್ಟಕ್ಕೆ ತಾನೇ ರಿವೈಂಡ್ ಆಗಕ್ಕೆ ಶುರು. 180 ನಿಮಿಷದ ಕ್ಯಾಸೆಟ್ಟಲ್ಲಿ ಮದುವೆ ತಿಂದು ಉಳಿದಿದ್ದು ಹೆಚ್ಚು ಕಮ್ಮಿ 11 ನಿಮಿಷ, ಅಷ್ಟೇ.

ಆ 11 ನಿಮಿಷ ನೋಡಿ ನಂಗೆ ಬಂದ ಖುಷಿ ಹೇಳ್ತೀನಿ ಅಂದ್ರೆ ನಗ್ತೀರ, ಅಂಗಡೀಲಿ ಒಬ್ಬನೇ ಕೂತು ಮೂರು ಸಲ ನೋಡ್ದೆ. ಹುಡುಗನಿಗೆ ಫೋನ್ ಮಾಡಿ "ಕೊನೇಲಿ ಪಾಪ ಪಾಂಡು ಇದೆ ಕಣೋ, ಅದನ್ನೂ ಹಾಕ್ಲಾ" ಅಂದ್ರೆ "ಅಯ್ಯೋ ಅದೆಲ್ಲಾ ಯಾಕಣ್ಣ, ಕಟ್ ಮಾಡಿ, ಮದ್ವೆ ಸಾಕು" ಅಂದ. ಅವನದ್ದೇನೂ ತಪ್ಪಿಲ್ಲ ಬಿಡಿ. ನಾವೆಲ್ಲಾ ಮಾಡೋದೂ ಅದನ್ನೇ, ನಗಿಸಿದ್ದನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ, ಅಳಿಸಿದ್ದಕ್ಕೆ ಅವಾರ್ಡ್ ಕೊಡ್ತೀವಿ, ಹೊಡೆದಾಡಿದ್ದಕ್ಕೆ ಕಟೌಟ್ ನಿಲ್ಲಿಸ್ತೀವಿ, ನಗಿಸಿದ್ದನ್ನ ಮಾತ್ರ ಟೈಂಪಾಸ್ ಅಂತ ಬಾಲದಲ್ಲಿ ಬಿಡ್ತೀವಿ. ಅವತ್ತಿಂದ ತಲೇಲಿ ಇದೇ ಕೊರೀತಿದೆ, ಹಂಗಾಗಿ ಬರ್ದು ಬಿಸಾಕ್ತಿದೀನಿ.

ನಾನು ಹುಟ್ಟಿ ಬೆಳೆದಿದ್ದು ಚಿಕ್ಕಪೇಟೆ ಕಡೆ ಒಂದು ವಠಾರದಲ್ಲಿ. ಆರು ಮನೆ, ಒಂದು ನಲ್ಲಿ, ಎರಡು ಕಕ್ಕಸು, ಮುಂದುಗಡೆ ಓನರ್ ಮನೆ. ಅಪ್ಪಂದು ವಿಡಿಯೋ ಲೈಬ್ರರಿ ಇತ್ತು, ಬಾಡಿಗೆಗೆ ಹೋಗಿದ್ದ ವಿಸಿಪಿ, ಅಂದ್ರೆ ಕ್ಯಾಸೆಟ್ ಪ್ಲೇಯರ್, ಭಾನುವಾರ ಖಾಲಿ ಇದ್ರೆ ಮನೆಗೆ ತರೋರು, ಆವಾಗ ಆರು ಮನೆಯವರೂ ನಮ್ಮ ಹತ್ತಡಿ ಹಾಲಲ್ಲಿ, ಅಂದ್ರೆ ಮಕ್ಕಳು ಟಿವಿ ಕಾಲಬುಡದಲ್ಲಿ, ಹೆಂಗಸರು ಗೋಡೆಗೆ ಒರಗಿ, ಗಂಡಸರು ಬಾಗಿಲಾಚೆ ಚಪ್ಪಲಿ ಬಿಡೋ ಜಾಗದಲ್ಲಿ. ಒಂದು ಭಾನುವಾರ ಅಪ್ಪ 'ಗಣೇಶನ ಮದುವೆ' ತಂದ್ರು. 1990ರ ಸಿನಿಮಾ, ಫಣಿ ರಾಮಚಂದ್ರ ಡೈರೆಕ್ಷನ್ನು, ಅನಂತ್ ನಾಗ್, ವಿನಯಾ ಪ್ರಸಾದ್. ಕತೆ ನಡೆಯೋದೇ ವಠಾರದಲ್ಲಿ. ಬಾಡಿಗೆದಾರರ ಪ್ರಾಣ ಹಿಂಡೋ ಓನರ್ ಆಗಿ ಮುಖ್ಯಮಂತ್ರಿ ಚಂದ್ರು. ನಮ್ಮ ಓನರೂ ಬಂದು ಕೂತಿದ್ರು, ಅವರಿಗೆ ಮಾತ್ರ ಕುರ್ಚಿ. ಚಂದ್ರು ಪರದೆ ಮೇಲೆ ಬಂದಾಗೆಲ್ಲಾ ಮಿಕ್ಕ ಐದು ಮನೆಯವರು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಸೆರಗು ಬಾಯಿಗೆ ತುರುಕ್ಕೊಂಡು ಉಸಿರು ಕಟ್ಟಿ ಕೂತಿದ್ರೆ, ಓನರ್ ಒಬ್ರೇ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಬೆಳಿಗ್ಗೆ ನಲ್ಲಿ ಹತ್ರ ಅಮ್ಮನಿಗೆ ಹೇಳಿದ್ರಂತೆ, "ಹಂಗೂ ಇರ್ತಾರೆ ನೋಡಮ್ಮ ಓನರ್‌ಗಳು!" ಮುಂದಿನ ತಿಂಗಳು ಬಾಡಿಗೆ 25 ರೂಪಾಯಿ ಏರಿಸಿದ್ರು.

ಆ ಸಿನಿಮಾದಲ್ಲಿ ನೋಡಿ, ವಿಲನ್ ಅಂತ ಕತ್ತಿ ಹಿಡ್ಕೊಂಡು ಬರೋನು ಯಾರೂ ಇಲ್ಲ. ಇರೋದೇನು, ಬಾಡಿಗೆ, ಗಲಾಟೆ, ಒಂದು ಗೋಡೆ ಆಚೆ ಈಚೆ ಇರೋ ಇಬ್ಬರ ಜಂಭ. ಗಣೇಶ ರೇಡಿಯೋಲಿ ಹಾಡೋ ಶ್ರುತಿ ಅನ್ನೋ ಹುಡುಗಿ ಧ್ವನಿಗೆ ಮನಸೋತು ಕಾಗದ ಬರೀತಾನೆ, ಆ ಶ್ರುತಿ ಅಂದ್ರೆ ದಿನಾ ತನ್ನ ಜೊತೆ ಜಗಳ ಆಡೋ ಅದೇ ವಠಾರದ ಆದಿಲಕ್ಷ್ಮಿ, ಇಬ್ಬರಿಗೂ ಗೊತ್ತಿಲ್ಲ, ನಮಗೆ ಗೊತ್ತು. ಇಷ್ಟೇ ಎಂಜಿನ್ನು, ಇದರ ಮೇಲೆ ಎರಡೂವರೆ ಗಂಟೆ ಗಾಡಿ ಓಡುತ್ತೆ. ಇವತ್ತಾದ್ರೆ ವಾಟ್ಸಾಪ್ ಡಿಪಿ ನೋಡಿದ್ರೆ ಮುಗೀತು ಕತೆ. ಅನಂತ್ ನಾಗ್ ಇಲ್ಲಿ ಮಾಡೋದನ್ನ ಗಮನ ಇಟ್ಟು ನೋಡಿ, ನಗು ಬರ್ಲಿ ಅಂತ ಒಂದೇ ಒಂದು ಸಲಾನೂ ಮುಖ ಕಿವುಚಲ್ಲ, ಅವರಿಗೆ ಅದು ಕಾಮಿಡಿ ಅಂತ ಯಾರೂ ಹೇಳೇ ಇಲ್ವೇನೋ ಅನ್ನೋ ಥರ ಸೀರಿಯಸ್ಸಾಗಿ ಕಷ್ಟ ಪಡ್ತಾರೆ, ಅದಕ್ಕೇ ನಾವು ಬಿದ್ದು ಬಿದ್ದು ನಗ್ತೀವಿ.

2025ರಲ್ಲಿ ಅವರಿಗೆ ಪದ್ಮಭೂಷಣ ಬಂದಾಗ ಎಲ್ಲಾ ಕಡೆ ಬಂದ ಪಟ್ಟಿ ನೋಡ್ದೆ, ಸಂಕಲ್ಪ, ಹಂಸಗೀತೆ ಅಂತ ಶುರು ಮಾಡಿ ದೊಡ್ಡ ದೊಡ್ಡ ಹೆಸರು, ಸರಿ, ಅವೆಲ್ಲಾ ತಲೆ ಮೇಲಿಟ್ಕೋಬೇಕಾದ್ದೇ, ಆದ್ರೆ ಗಣೇಶಂದಿರು ಎಲ್ಲೋ ಕೊನೇಲಿ "ಹಾಸ್ಯ ಪಾತ್ರಗಳಲ್ಲೂ ಮಿಂಚಿದರು" ಅನ್ನೋ ಥರ ಒಂದು ಸಾಲು. 'ಲೂ' ಅಂತೆ! ಕೋಪ ಬರಲ್ವಾ ಹೇಳಿ.

'ಗೌರಿ ಗಣೇಶ' ಇನ್ನೂ ಮೇಲು ಅಂತ ನನ್ನ ವಾದ, ಈ ವಿಷಯಕ್ಕೆ ನಾನೂ ನನ್ನ ಭಾವಮೈದನೂ ವರ್ಷಕ್ಕೊಂದು ಸಲ ಜಗಳ ಆಡ್ತೀವಿ. ಅದು 1991, ಅದೇ ಫಣಿ ರಾಮಚಂದ್ರ. ಹೀರೋ ಲಂಬೋದರ ಅಂತ, ಕೆಲಸ ಇಲ್ಲ, ಸುಳ್ಳೇ ಕಸುಬು. ಸತ್ತು ಹೋಗಿರೋ ಗೌರಿ ಅನ್ನೋ ಹುಡುಗಿ ಡೈರಿ ಇವನ ಕೈಗೆ ಸಿಗುತ್ತೆ, ಅದ್ರಲ್ಲಿ ಮೂರು ಜನ ಗಂಡಸರು, ಮೂವರ ಹತ್ರಾನೂ ಬೇರೆ ಬೇರೆಯಾಗಿ ಹೋಗಿ ನಿನಗೊಂದು ಮಗ ಇದ್ದಾನೆ ಅಂತ ದುಡ್ಡು ಕೀಳ್ತಾನೆ, ಆಮೇಲೆ ಮಗು ತೋರ್ಸು ಅಂದಾಗ ಎಲ್ಲಿಂದ ತರೋದು, ಒಬ್ಬ ಅನಾಥ ಹುಡುಗನ್ನ ಹಿಡ್ಕೊಂಡು ಬರ್ತಾನೆ, ಅದು ಮಾಸ್ಟರ್ ಆನಂದ್. ಸ್ವಲ್ಪ ಯೋಚನೆ ಮಾಡಿ ನೋಡಿ, ಇದು ಬ್ಲಾಕ್‌ಮೇಲು, ಸತ್ತ ಹೆಣ್ಣುಮಗಳ ಹೆಸರಲ್ಲಿ ಮೋಸ, ಮೂರು ಜನ ಮರ್ಯಾದಸ್ತರ ಅಂಜಿಕೆ. ಇದನ್ನೇ ಕ್ರೈಂ ಸಿನಿಮಾ ಮಾಡಿದ್ರೆ ಹಿನ್ನೆಲೇಲಿ ಕತ್ತಲು, ಮಳೆ, ಪಿಟೀಲು ಹಾಕಿ ಡಾರ್ಕ್ ಅಂತ ಹೊಗಳ್ತಿದ್ವಿ. ಫಣಿ ರಾಮಚಂದ್ರ ಹಗಲು ಬೆಳಕಲ್ಲಿ, ಪೂರಿ ಸಾಗು ತಿನ್ನೋ ಮನೆಗಳಲ್ಲಿ, ಮಕ್ಕಳ ಪಕ್ಕ ಕೂತು ನೋಡೋ ಹಾಗೆ ಮಾಡಿ ತೋರಿಸಿಬಿಟ್ಟರು. ಅದಕ್ಕೇ ಅದರ ಒಳಗೆ ಎಷ್ಟು ಖಾರ ಇದೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಭಾವಮೈದ ಹೇಳೋದು ಮೂರನೇದು 'ಗಣೇಶ ಸುಬ್ರಹ್ಮಣ್ಯ' ಬೆಸ್ಟ್ ಅಂತ, ರಮೇಶ್ ಭಟ್‌ಗೋಸ್ಕರ ಅಂತೆ. ಅವನು ಹಂಗೇ. ಆದ್ರೆ ರಮೇಶ್ ಭಟ್ ವಿಷಯದಲ್ಲಿ ಅವನ ಮಾತು ತೆಗೆದುಹಾಕಂಗಿಲ್ಲ.

ನಮ್ಮ ಜಿಲ್ಲೆಯವನು ಅನ್ನೋ ಅಭಿಮಾನಕ್ಕೆ ಹೇಳ್ತಿದೀನಿ ಅಂತ ಅನ್ಕೊಂಡ್ರೂ ಪರ್ವಾಗಿಲ್ಲ, ಕನ್ನಡ ಸಿನಿಮಾದ ನಗು ಅಂದ್ರೆ ಅದರಲ್ಲಿ ಅರ್ಧ ತುಮಕೂರಿನ ಮಣ್ಣಿದೆ. ನಾಟಕ ಕಂಪನಿಯ ಗುಬ್ಬಿ ವೀರಣ್ಣ ಗುಬ್ಬಿಯವರು, ಸ್ಟೇಜ್ ಮೇಲೆ ಅವರೇ ಹಾಸ್ಯಗಾರ. ಅವರ ಹೆಸರಲ್ಲಿ ಕಲಾಕ್ಷೇತ್ರ ಇದೆ ಅಮಾನಿಕೆರೆ ಹತ್ರ, ದಿನಾ ಅದರ ಮುಂದೇನೇ ಓಡಾಡ್ತೀವಿ, ಆ ಕಂಪನೀಲಿ ತಯಾರಾದವರು ರಾಜ್‌ಕುಮಾರ್, ನರಸಿಂಹರಾಜು. ನರಸಿಂಹರಾಜು ತಿಪಟೂರಿನವರು, 1923ರಲ್ಲಿ ಹುಟ್ಟಿದ್ದು, 1954ರ 'ಬೇಡರ ಕಣ್ಣಪ್ಪ' ರಾಜ್‌ಕುಮಾರ್ ಹೀರೋ ಆದ ಮೊದಲನೇ ಸಿನಿಮಾ, ನರಸಿಂಹರಾಜುಗೂ ಅದೇ ಮೊದಲನೇದು. 1979ರಲ್ಲಿ ಹೋಗ್ಬಿಟ್ರು, 56 ಕೂಡ ತುಂಬಿರ್ಲಿಲ್ಲ.

'ಸತ್ಯ ಹರಿಶ್ಚಂದ್ರ' ಎಲ್ಲರೂ ನೋಡಿರ್ತೀರ, 1965ರದ್ದು. ಅದರ ಬಗ್ಗೆ ಮಾತಾಡಿದ್ರೆ ಎಲ್ಲರೂ ಸ್ಮಶಾನದ ಸೀನು, ಕುಲದಲ್ಲಿ ಕೀಳ್ಯಾವುದೋ ಹಾಡು ಅಂತಾರೆ. ನಾನು ಹೇಳೋದು ನಕ್ಷತ್ರಿಕನ್ನ ನೋಡಿ ಅಂತ. ವಿಶ್ವಾಮಿತ್ರರ ಸಾಲ ವಸೂಲಿಗೆ ರಾಜನ ಬೆನ್ನು ಬಿದ್ದು ಕಾಡು ಮೇಡು ಸುತ್ತೋ ಆ ಶಿಷ್ಯ, ನರಸಿಂಹರಾಜು. ನೋಡಿ, ಕತೇಲಿ ಹರಿಶ್ಚಂದ್ರನಿಗೆ ಅತಿ ಹೆಚ್ಚು ಹಿಂಸೆ ಕೊಡೋನೇ ನಮ್ಮನ್ನ ನಗಿಸೋನೂ ಹೌದು. ಕಾಲು ನೋವು ಅಂತಾನೆ, ಹಸಿವು ಅಂತಾನೆ, ಸಾಲ ಕೊಟ್ಟಿರೋನಿಗಿಂತ ವಸೂಲಿಗೆ ಬಂದವನ ಗೋಳೇ ಜಾಸ್ತಿ. ಬಡ್ಡಿ ವಸೂಲಿಗೆ ಮನೆ ಬಾಗಿಲಿಗೆ ಬರೋ ಹುಡುಗರನ್ನ ನೋಡಿರೋರಿಗೆ ಗೊತ್ತು ಇದು ಎಷ್ಟು ನಿಜ ಅಂತ. ಇವತ್ತಿಗೂ ನಮ್ಮಲ್ಲಿ ಯಾರಾದ್ರೂ ಬಿಡದೆ ಪೀಡಿಸಿದ್ರೆ ಒಳ್ಳೆ ನಕ್ಷತ್ರಿಕನ ಥರ ಬೆನ್ನು ಬಿದ್ದಿದ್ದಾನೆ ಅಂತಾರೆ, ಹಂಗನ್ನುವಾಗ ನನ್ನ ಕಣ್ಣಿಗೆ ಬರೋ ಮುಖ ನರಸಿಂಹರಾಜುದೇ. ಆ ಪಾತ್ರನ ಕಿತ್ತು ತೆಗೆದ್ರೆ ಕತೆ ನಿಂತೇ ಹೋಗುತ್ತೆ. ಆಮೇಲಾಮೇಲೆ ಏನಾಯ್ತು ಅಂದ್ರೆ ಕಾಮಿಡಿ ಟ್ರ್ಯಾಕ್ ಅಂತ ಬೇರೆ ಮಾಡಿಬಿಟ್ರು, ಹೀರೋ ಕತೆ ಒಂದು ಕಡೆ, ಇಬ್ಬರು ಮೂವರು ಕಾಮಿಡಿಯನ್ಸ್ ಇನ್ನೊಂದು ಕಡೆ, ಡುಮ್ಮನ್ನ ಡುಮ್ಮ ಅನ್ನೋದು, ಕಪ್ಪಗಿರೋರನ್ನ ಆಡ್ಕೊಳ್ಳೋದು, ಡಬಲ್ ಮೀನಿಂಗು, ಕ್ಯಾಸೆಟ್ ಕಾಲದಲ್ಲಿ ಜನ ಅದನ್ನ ಫಾರ್ವರ್ಡ್ ಮಾಡೋರು. ಕಾಮಿಡಿಗೆ ಮರ್ಯಾದೆ ಹೋಗಿದ್ದಕ್ಕೆ ಅದೂ ಒಂದು ಕಾರಣ, ಅದನ್ನ ಮುಚ್ಚಿಟ್ರೆ ನಾನು ಸುಳ್ಳ ಆಗ್ತೀನಿ.

ಉಮಾಶ್ರೀನೂ ನಮ್ಮವರೇ, ತಿಪಟೂರು ತಾಲೂಕು ನೊಣವಿನಕೆರೆ. 1984ರಲ್ಲಿ ಕಾಶೀನಾಥ್ ಅವರ 'ಅನುಭವ' ಮಾಡಿದ್ರು, ಆಮೇಲೆ ಎಷ್ಟೋ ವರ್ಷ ಇಂಡಸ್ಟ್ರಿ ಅವರ ಕೈಲಿ ಡಬಲ್ ಮೀನಿಂಗ್ ಡೈಲಾಗೇ ಹೇಳಿಸ್ತು. ಗಿರೀಶ್ ಕಾಸರವಳ್ಳಿ 'ಗುಲಾಬಿ ಟಾಕೀಸು' ಮಾಡಿ ಅವರಿಗೆ ನ್ಯಾಷನಲ್ ಅವಾರ್ಡ್ ಬಂದ್ಮೇಲೆ ಜನ "ಅಬ್ಬಾ ಇವರಿಗೆ ಆಕ್ಟಿಂಗೂ ಬರುತ್ತೆ" ಅಂದ್ರು. ಅಲ್ಲ ಸ್ವಾಮಿ, ಅಷ್ಟು ದಿನ ಮಾಡ್ತಿದ್ದಿದ್ದು ಏನು? ಕೆಟ್ಟ ಡೈಲಾಗನ್ನೂ ಸರಿಯಾದ ಅರ್ಧ ಸೆಕೆಂಡ್ ಲೇಟಾಗಿ ಹೇಳಿ ಥಿಯೇಟರ್ ನಗಿಸೋದು ಆಕ್ಟಿಂಗಲ್ವಾ? ಆ ಸಿನಿಮಾದಲ್ಲೂ ನೋಡಿ, ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ ಮನೆಗೆ ಡಿಶ್ ಸಮೇತ ಟಿವಿ ಬರುತ್ತೆ, ಊರ ಹೆಂಗಸರೆಲ್ಲಾ ಬಂದು ಕೂರ್ತಾರೆ, ಆ ಸೀನುಗಳಲ್ಲಿ ಉಮಾಶ್ರೀ ಕಣ್ಣಲ್ಲಿರೋ ತುಂಟತನ ಅವಾರ್ಡ್ ಬಂದ ದಿನ ಆಕಾಶದಿಂದ ಉದುರಿದ್ದಲ್ಲ.

ಜಗ್ಗೇಶ್ ಬಗ್ಗೆ ಜಾಸ್ತಿ ಬರೆಯಲ್ಲ, ಬರೆದ್ರೆ ರಾಜಕೀಯ ಬರುತ್ತೆ, ಆಮೇಲೆ ಅಂಗಡಿಗೆ ಬರೋ ಗಿರಾಕಿ ಅರ್ಧ ಕಮ್ಮಿ ಆಗ್ತಾರೆ. ತುರುವೇಕೆರೆ ಕಡೆ ಮಾಯಸಂದ್ರದವರು, 1992ರಲ್ಲಿ ಉಪೇಂದ್ರ ಮೊದಲನೇ ಸಲ ಡೈರೆಕ್ಟ್ ಮಾಡಿದ 'ತರ್ಲೆ ನನ್ ಮಗ'ದಲ್ಲಿ ಆ ಕಡೆಯ ಮಾತನ್ನ ಪಾಲಿಶ್ ಹಾಕ್ದೆ ಪರದೆ ಮೇಲೆ ತಂದ್ರು, ನಮ್ಮ ಮಂಡಿಪೇಟೆಲಿ ಮೂಟೆ ಹೊರೋರು ಮಾತಾಡೋ ಥರಾನೇ ಹೀರೋ ಮಾತಾಡ್ತಿದ್ದ. ಅದೊಂದು ಸಾಕು.

ಇನ್ನು ಟಿವಿಗೆ ಬರ್ತೀನಿ, ಇಲ್ಲಿ ನಷ್ಟ ಇನ್ನೂ ದೊಡ್ಡದು. ಸಿನಿಮಾ ಆದ್ರೂ ಯಾವುದೋ ಒಂದು ಕೆಟ್ಟ ಪ್ರಿಂಟು, ಬದಿ ಕತ್ತರಿಸಿ, ಮೇಲೆ ದೊಡ್ಡ ಲೋಗೋ ಒತ್ತಿ ಯೂಟ್ಯೂಬಲ್ಲಿ ಸಿಗುತ್ತೆ. ಸೀರಿಯಲ್ ಹಂಗಲ್ಲ. ದೂರದರ್ಶನದ ಕಾಲದಲ್ಲಿ 'ಸಿಹಿ ಕಹಿ' ಅಂತ ಬರ್ತಿತ್ತು, ಚಂದ್ರು ಮತ್ತೆ ಗೀತಾ, ಆ ಸೀರಿಯಲ್ ಹೆಸರು ಅವರಿಬ್ಬರಿಗೂ ಮನೆತನದ ಹೆಸರಿನ ಥರ ಅಂಟ್ಕೊಂಡು ಬಿಡ್ತು, ಮದುವೇನೂ ಆದ್ರು, ಇವತ್ತಿಗೂ ಸಿಹಿ ಕಹಿ ಚಂದ್ರು ಅಂದ್ರೇನೇ ಗೊತ್ತಾಗೋದು. ಹೆಸರು ಉಳೀತು, ಸೀರಿಯಲ್ ನೋಡ್ಬೇಕು ಅಂದ್ರೆ ಎಲ್ಲಿದೆ? ರಮೇಶ್ ಭಟ್ ಕರ್ನಲ್ ಆಗಿದ್ದ 'ಕ್ರೇಜಿ ಕರ್ನಲ್', ನಮ್ಮ ವಠಾರದಲ್ಲಿ ಅವತ್ತು ಕಸ ಗುಡಿಸೋ ಪೊರಕೆ ಕಂಕುಳಲ್ಲಿ ಇಟ್ಕೊಂಡು ಮಾರ್ಚ್ ಪಾಸ್ಟ್ ಮಾಡದ ಹುಡುಗ ಇರ್ಲಿಲ್ಲ. ನನ್ನ ಮಗನಿಗೆ ತೋರಿಸೋಣ ಅಂದ್ರೆ ನನ್ನ ಕೈಗೆ ಒಂದು ಪೂರ್ತಿ ಎಪಿಸೋಡ್ ಸಿಕ್ಕಿಲ್ಲ, ಪೊರಕೆ ಹಿಡಿದು ನಾನೇ ಮಾರ್ಚ್ ಮಾಡಿ ತೋರಿಸಿದೆ, ಅವನಿಗೆ ಅಪ್ಪನಿಗೆ ಏನೋ ಆಗಿದೆ ಅನ್ನಿಸ್ತು.

ಆಮೇಲೆ 2000ದ ಡಿಸೆಂಬರಲ್ಲಿ ಈಟಿವಿ ಕನ್ನಡ ಬಂತು, ಆ ಕಾಲ ಕಣ್ರೀ ಕಾಲ ಅಂದ್ರೆ. ಪಾಪ ಪಾಂಡು ಮಾಡಿದ್ದು ಇದೇ ಸಿಹಿ ಕಹಿ ಚಂದ್ರು. ಸಿಲ್ಲಿ ಲಲ್ಲಿ ಮಾಡಿದ್ದು ವಿಜಯ ಪ್ರಸಾದ್, ಮುಂದೆ 'ಸಿದ್ಲಿಂಗು', 'ನೀರ್ ದೋಸೆ' ಮಾಡಿದ ಅದೇ ಮನುಷ್ಯ. ಎಲ್ಲರೂ ಸಿದ್ಲಿಂಗು ನೋಡಿ ಅಬ್ಬಾ ಏನ್ ಡೈಲಾಗು ಅಂದ್ರು, ನಾವು ಸಿಲ್ಲಿ ಲಲ್ಲಿ ನೋಡಿದವರು ಇದರಲ್ಲಿ ಹೊಸದೇನಿದೆ ಅಂದ್ವಿ. ಮಾತಿನ ಮೇಲೆ ಮಾತು ಹತ್ತಿಸೋ ಆ ಚಟ ಅವರು ಅಲ್ಲೇ ಕಲ್ತಿದ್ದು, ದಿನಾ ಒಂದು ಎಪಿಸೋಡ್ ಕೊಡ್ಬೇಕು, ದುಡ್ಡಿಲ್ಲ, ಲೊಕೇಶನ್ ಇಲ್ಲ, ಒಂದು ಮನೆ, ಒಂದು ಸೋಫಾ, ಮಿಕ್ಕಿದ್ದೆಲ್ಲಾ ಬಾಯಿಂದಲೇ ಹುಟ್ಟಬೇಕು. ರವಿಶಂಕರ್ ಮಾಡ್ತಿದ್ದ ಡಾಕ್ಟರ್ ವಿಠಲ್ ರಾವ್ ಎಷ್ಟು ಓಡ್ತು ಅಂದ್ರೆ ನಮ್ಮ ಏರಿಯಾದಲ್ಲಿ ಒಬ್ಬ ನಿಜವಾದ ಡಾಕ್ಟರಿಗೆ ಆ ಹೆಸರೇ ಬಿತ್ತು, ಜ್ವರ ಬಂದ್ರೆ "ವಿಠಲ್ ರಾವ್ ಹತ್ರ ಹೋಗಿ ಬಾ" ಅನ್ನೋರು, ಪಾಪ ಆ ಡಾಕ್ಟರ್ ಹೆಸರು ಬೇರೆ ಏನೋ, ಅವರ ಕೈಗುಣ ನಿಜವಾಗ್ಲೂ ಚೆನ್ನಾಗಿತ್ತು.

ಫಣಿ ರಾಮಚಂದ್ರ ಅವರೂ ಟಿವಿಗೆ ಬಂದ್ರು, 'ದಂಡಪಿಂಡಗಳು' ಅಂತ. ಟೈಟಲ್ ನೋಡಿ ಏನ್ ಧೈರ್ಯ. ಕೆಲಸ ಇಲ್ಲದ ಹುಡುಗರ ಕತೆ. ಅದು ಬರ್ತಿದ್ದಾಗ ನಾನೂ ಬಿಕಾಂ ಮುಗಿಸಿ ಮನೇಲಿ ಕೂತಿದ್ದೆ, ವಿಡಿಯೋ ಲೈಬ್ರರಿ ಮುಚ್ಚಿತ್ತು, ಸಿಡಿ ಬಂದು ಅಪ್ಪನ ಕ್ಯಾಸೆಟ್ಟೆಲ್ಲಾ ಗೋಣಿಚೀಲ ಸೇರಿತ್ತು, ಬೆಳಿಗ್ಗೆ ಬೆಂಗಳೂರು ಪ್ಯಾಸೆಂಜರ್ ಹತ್ತಿ ಹೋಗಿ ರೆಸ್ಯೂಮೆ ಕೊಟ್ಟು ರಾತ್ರಿ ವಾಪಸ್ ಬರೋದು. ಬಂದು ಊಟಕ್ಕೆ ಕೂತ್ರೆ ಟಿವೀಲಿ ಆ ಟೈಟಲ್ ಸಾಂಗು, ಅಪ್ಪ ನನ್ನ ಮುಖ ನೋಡಲ್ಲ, ನಾನು ಅಪ್ಪನ ಮುಖ ನೋಡಲ್ಲ, ಇಬ್ಬರೂ ಟಿವಿ ನೋಡ್ಕೊಂಡು ಮುದ್ದೆ ಮುರೀತೀವಿ. ಒಂದಿನ ಯಾವುದೋ ಒಂದು ಮಾತಿಗೆ ಅಪ್ಪನಿಗೆ ನಗು ತಡೆಯಕ್ಕಾಗ್ದೆ ಸಾರು ನೆತ್ತಿಗೆ ಹತ್ತಿಬಿಡ್ತು, ನಾನು ತಲೆ ತಟ್ಟಿದೆ, ಅಮ್ಮ ನೀರು ತಂದ್ರು, ಕೆಮ್ಮುತ್ತಾ ಕೆಮ್ಮುತ್ತಾ "ನಿನ್ ಥರಾನೇ ಇದ್ದಾನಲ್ಲೋ ಬಡ್ಡಿಮಗ" ಅಂದ್ರು. ಅದಕ್ಕೆ ಮುಂಚೆ ಹತ್ತಿರ ಹತ್ತಿರ ಒಂದು ತಿಂಗಳು ಅವರು ನನ್ನ ಜೊತೆ ಸರಿಯಾಗಿ ಮಾತಾಡಿರ್ಲಿಲ್ಲ. ಸ್ಟುಡಿಯೋ ಹಾಕೋಣ್ವಾ ಅನ್ನೋ ಮಾತು ಬಂದಿದ್ದು ಆ ವಾರದಲ್ಲೇ.

ಎಲ್ಲಾ ಚಿನ್ನ ಅಂತ ನಾನೇನೂ ಹೇಳ್ತಿಲ್ಲ. ಡೈಲಿ ಆದ್ಮೇಲೆ ಎಳೆದ್ರು, ಒಂದು ಜೋಕನ್ನ ಸೋಮವಾರ ಶುರು ಮಾಡಿ ಶುಕ್ರವಾರದವರೆಗೂ ಹಿಟ್ಟು ನಾದಿದ ಹಾಗೆ ನಾದಿದ್ರು, ಟಿಂಯ್ ಡುಂಯ್ ಅನ್ನೋ ಸೌಂಡ್ ಎಫೆಕ್ಟ್ ಒಂದು, ನಮಗೆ ಎಲ್ಲಿ ನಗ್ಬೇಕು ಅಂತ ಗೊತ್ತಿಲ್ವೇನೋ ಅನ್ನೋ ಥರ. ಪಾಪ ಪಾಂಡು ಬಗ್ಗೆ ನನ್ನ ಹೆಂಡ್ತಿದು ಬೇರೆ ತಕರಾರು, "ಹೆಂಡ್ತಿ ಗಂಡನಿಗೆ ಹೊಡೆದ್ರೆ ಕಾಮಿಡಿ, ಪಕ್ಕದ ಬೀದೀಲಿ ಗಂಡ ಹೆಂಡ್ತಿಗೆ ಹೊಡೆದ್ರೆ ನೀವು ಟಿವಿ ವಾಲ್ಯೂಮ್ ಜಾಸ್ತಿ ಮಾಡ್ಕೊಂಡು ನಗ್ತಿದ್ರಿ" ಅಂದ್ಲು. ಇದಕ್ಕೆ ನನ್ನತ್ರ ಉತ್ತರ ಇಲ್ಲ. ನಾನು ಏನೋ ಹೇಳಕ್ಕೆ ಹೋದೆ, ಅದು ತಲೆಕೆಳಗು ಮಾಡಿ ತೋರಿಸೋದಲ್ವಾ, ಊರಲ್ಲಿ ನಡೆಯೋದನ್ನೇ ಉಲ್ಟಾ ಹೊಡೆದು ಅಂತ, ಅವಳು "ಸರಿ ಸರಿ" ಅಂತ ಒಳಗೆ ಹೋದ್ಲು, ಆ ಸರಿ ಸರಿ ಅಂದ್ರೆ ಏನು ಅಂತ ಮದುವೆ ಆದವರಿಗೆ ಗೊತ್ತು. ಆದ್ರೂ 2018ರಲ್ಲಿ ಕಲರ್ಸ್ ಸೂಪರಲ್ಲಿ ಪಾಪ ಪಾಂಡು ಮತ್ತೆ ಶುರು ಆದಾಗ ಮೊದಲನೇ ದಿನ ಕುಕ್ಕರ್ ಆಫ್ ಮಾಡಿ ಬಂದು ಕೂತವಳೂ ಅವಳೇ. ಹೊಸದರಲ್ಲಿ ಬಣ್ಣ ಜಾಸ್ತಿ ಇತ್ತು, ಬೆಳಕು ಜಾಸ್ತಿ ಇತ್ತು, ಎಚ್‌ಡಿಲಿ ಪಾಂಡು ಕೆನ್ನೆ ಮೇಲಿನ ಮೇಕಪ್ಪೂ ಕಾಣಿಸ್ತು. ನನಗೆ ಆ ಮಸುಕು ಮಸುಕು ಪಾಂಡುನೇ ಬೇಕಿತ್ತು.

ನನ್ನ ತಲೆಕೆಟ್ಟ ಯೋಚನೆ ಏನಂದ್ರೆ, ಇವೆಲ್ಲಾ ಎಲ್ಲಿ ಉಳಿದಿವೆ ಅಂದ್ರೆ ಇಂಥ ಕ್ಯಾಸೆಟ್ಟುಗಳ ಬಾಲದಲ್ಲಿ. ಯಾರೋ ಗೃಹಪ್ರವೇಶದ ಕೊನೇಲಿ, ನಾಮಕರಣದ ಕೊನೇಲಿ, ಖಾಲಿ ಟೇಪ್ ದಂಡ ಆಗ್ಬಾರ್ದು ಅಂತ ರೆಕಾರ್ಡ್ ಒತ್ತಿರೋದು. ಪಾಂಡು ಸಿಕ್ಕಿದ್ಮೇಲೆ ಅಂಗಡೀಲಿ ಗಿರಾಕಿಗಳು ವಾಪಸ್ ತಗೊಂಡು ಹೋಗದೇ ಬಿಟ್ಟಿರೋ ಕ್ಯಾಸೆಟ್ ಒಂದು ಡಬ್ಬ ಇತ್ತು, ಎಲ್ಲದರ ಕೊನೆ ಹಾಕಿ ನೋಡ್ದೆ. ಒಂದರಲ್ಲಿ ಕ್ರಿಕೆಟ್ಟು. ಒಂದರಲ್ಲಿ ಯಾವುದೋ ಸಿನಿಮಾ ಹಾಡು ಅರ್ಧ. ಒಂದರಲ್ಲಿ ಬರೀ ಟಿವಿಯ ಗಡಿಯಾರ, ಮುಳ್ಳು ತಿರುಗ್ತಾ ಇದೆ, ನ್ಯೂಸಿಗೆ ಕಾಯ್ತಿದ್ರು ಅನ್ಸುತ್ತೆ. ನಗು ಎಲ್ಲೂ ಸಿಗ್ಲಿಲ್ಲ. ನಿಮ್ಮ ಮನೆ ಅಟ್ಟದ ಮೇಲೆ ಕ್ಯಾಸೆಟ್ ಇದ್ರೆ ಬಿಸಾಕೋಕೆ ಮುಂಚೆ ಕೊನೇವರೆಗೂ ಒಂದ್ಸಲ ಓಡಿಸಿ ನೋಡಿ ಮಾರಾಯ್ರೆ, ಫಂಗಸ್ ಇದ್ರೆ ಒರೆಸಿ ಆಮೇಲೆ.

ಶನಿವಾರ ಹುಡುಗ ಬಂದ, ಜೊತೇಲಿ ಅವನ ಅಜ್ಜಿ, ಗಂಡಿನ ತಾಯಿ. ಆಸ್ಪತ್ರೆಗೋ ಎಲ್ಲಿಗೋ ಕರ್ಕೊಂಡು ಬಂದಿದ್ದನಂತೆ, ಹಂಗೇ ಇಲ್ಲಿಗೂ. ಚೆಕ್ ಮಾಡ್ಕೊಂಡು ಹೋಗಿ ಅಂತ ಮಾನಿಟರ್ ಅವರ ಕಡೆ ತಿರುಗಿಸಿದೆ, ಅಜ್ಜಿಗೆ ಸ್ಟೂಲ್ ಹಾಕ್ದೆ. ಮದುವೆ ಅಲ್ಲಲ್ಲಿ ಓಡಿಸಿ ತೋರಿಸಿದೆ. ಅಜ್ಜಿ ಏನೂ ಮಾತಾಡ್ದೆ ನೋಡ್ತಿದ್ರು, ಬೆರಳು ಮಾತ್ರ ಪರದೆ ಮೇಲೆ, ಇವನು ಹೋದ, ಇವಳೂ ಹೋದ್ಲು, ಇದು ನಿಮ್ ತಾತ, ಇವನು ಎಲ್ಲಿದ್ದಾನೋ. ಊಟದ ಹಾಲ್ ಬಂದಾಗ "ಈ ಅಡಿಗೆಯೋನು ಲಾಡು ಕಮ್ಮಿ ಮಾಡಿ ಮಾನ ಕಳ್ದ" ಅಂದ್ರು, ಅದಿನ್ನೂ ಮರ್ತಿಲ್ಲ. ಹುಡುಗ ಪೆನ್‌ಡ್ರೈವ್ ತಗೊಂಡು 400 ರೂಪಾಯಿ ಎಣಿಸ್ತಾ "ಕೊನೇದು ಕಟ್ ಮಾಡಿದ್ದೀರಲ್ಲ, ಅಷ್ಟಕ್ಕೆ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಅಣ್ಣ" ಅಂದ, ನನಗೆ ನಗೋದೋ ಅಳೋದೋ ಗೊತ್ತಾಗ್ಲಿಲ್ಲ. ಕಟ್ ಮಾಡಿರ್ಲಿಲ್ಲ, ಬೇರೆ ಫೈಲ್ ಮಾಡಿ ಇಟ್ಟಿದ್ದೆ. ಒತ್ತಿದೆ.

ಪಾಂಡು ಬಂದ ತಕ್ಷಣ ಅಜ್ಜಿ ಸ್ಟೂಲನ್ನ ಎರಡಿಂಚು ಮುಂದಕ್ಕೆ ಎಳ್ಕೊಂಡ್ರು. ರೆಕಾರ್ಡ್ ಒತ್ತಿದ್ದು ಅವರೇ ಅಂತೆ, ಅವತ್ತು ಯಾರದ್ದೋ ತಿಥಿಗೆ ಹೋಗ್ಬೇಕಿತ್ತು, ಎಪಿಸೋಡ್ ತಪ್ಪಿಹೋಗುತ್ತೆ ಅಂತ. ಪೂರ್ತಿ 11 ನಿಮಿಷ ನೋಡಿದ್ರು, ಜಾಹೀರಾತನ್ನೂ ಬಿಡ್ಲಿಲ್ಲ, ನಗುವಾಗ ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಇಟ್ಕೊಂಡ್ರು. ಪಾಂಡು ತೊದಲಕ್ಕೆ ಶುರು ಮಾಡಿದ, ಶ್ರೀಮತಿ ಒಂದು ಹೆಜ್ಜೆ ಮುಂದೆ ಬಂದ್ಲು, ಪರದೆ ಕಪ್ಪಾಯ್ತು.

"ಆಮೇಲೆ ಏನಾಯ್ತು ಅಜ್ಜಿ, ನೆನಪಿದ್ಯಾ?" ಅಂದೆ, ಇಷ್ಟು ದಿನದಿಂದ ತಲೇಲಿ ಅದೇ ಇತ್ತು ನಂಗೆ.

ಅಜ್ಜಿ ಮೊಣಕಾಲು ಹಿಡ್ಕೊಂಡು ನಿಧಾನಕ್ಕೆ ಎದ್ದು ಚಪ್ಪಲಿ ಹುಡುಕ್ತಾ, "ಏನಾಗುತ್ತಪ್ಪ, ಏಟು ತಿಂತಾನೆ. ದಿನಾ ತಿಂತಿದ್ದ" ಅಂದ್ರು.